ಗಾರೆಯ ಹದ

ಸ್ಕಾಟ್ಲೆಂಡ್
14 ಏಪ್ರಿಲ್ 2025, ಸೋಮವಾರ

ಅಂಬುಜಾ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ಇದಕ್ಕಿಂತ ಶಿಕ್ಷೆ ಬೇರೆ ಇಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಗಾರೆ ಕೆಲಸಕ್ಕೆ ಬಂದವನು ನಾನು. ಆಮೇಲೆ ಬರೆದದ್ದು ಅಂದರೆ ಸಹಿ, ಇಲ್ಲದಿದ್ದರೆ ಗೋಡೆ ಮೇಲೆ ಅಳತೆ. ಇಷ್ಟು ಬರೆಯುವುದಕ್ಕೇ ಬೆರಳು ಸೆಟೆದುಕೊಂಡಿದೆ. ಮೂರು ಸಲ ಫೋನ್ ಮಾಡಿದರೆ ಮೂರು ಸಲವೂ ನೀನು ಕಟ್ ಮಾಡಿದೆ. ನಾಲ್ಕನೇ ಸಲ ವರ್ಷಿಣಿ ಎತ್ತಿಕೊಂಡು, “ತಾತಾ, ಅಜ್ಜಿ ಫೋನಲ್ಲಿ ಬೈಸ್ಕೊಳಲ್ವಂತೆ. ಬೈಯೋದಿದ್ರೆ ಬರ್ದು ಕಳಿಸ್ಬೇಕಂತೆ” ಅಂದಳು. ನಾನು ಬೈದದ್ದು ಎಲ್ಲಿ? ಗ್ಯಾಸ್ ಆರಿಸಿದೆಯಾ ಅಂತ ಕೇಳಿದೆ. ಜೋರಾಗಿ ಕೇಳಿದೆ. ಇಷ್ಟು ದೂರಕ್ಕೆ ಕೇಳಿಸಬೇಡವೆ?

ಜನವರಿಯಲ್ಲಿ ಕ್ಯಾಮೆರಾ ತಂದಿದ್ದಳಲ್ಲ ಗೋಕುಲಂ ಹುಡುಗಿ ತನ್ಮಯಿ, ನನ್ನನ್ನು ಇಲ್ಲಿಗೆ ಕರೆಸಿದವಳು, ಅವಳು ಈ ಕಾಗದದ ಫೋಟೋ ತೆಗೆದು ವರ್ಷಿಣಿಯ ಫೋನಿಗೆ ಕಳಿಸುತ್ತಾಳೆ. ತಾನು ಓದುವುದಿಲ್ಲವಂತೆ. ನಾನು ಹೇಳಿದ್ದನ್ನು ಇಲ್ಲಿಯವರಿಗೆ ಇಂಗ್ಲಿಷಿನಲ್ಲಿ ಹೇಳುವವಳೂ ಅವಳೇ.

ಇದು ಹಳೇ ಕಟ್ಟಡ ರಿಪೇರಿ ಕಲಿಸುವ ಶಾಲೆ. ಕಲಿಯುವವರು ಒಂಬತ್ತು ಜನ. ಹುಡುಗರು ಅಂದುಕೊಂಡು ಬಂದರೆ ಒಬ್ಬನಿಗೆ ಅರವತ್ತೆರಡು. ಎಲ್ಲರೂ ನನ್ನನ್ನು ಹೆಸರು ಹಿಡಿದು ಮಹದೇವು ಅಂತಲೇ ಕರೆಯುತ್ತಾರೆ, ಮೇಸ್ತ್ರಿ ಅನ್ನುವುದಿಲ್ಲ. ಅವರಿಗೆ ಕೆಲಸ ಕಲಿಯುವ ಆಸೆ ಇದೆ, ಅದಕ್ಕೆ ಸುಮ್ಮನಿದ್ದೇನೆ. ರೂಮು ಚೆನ್ನಾಗಿದೆ. ಬಚ್ಚಲಲ್ಲಿ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಪ್ಲಾಸ್ಟಿಕ್ ಜಗ್ಗು ತರಿಸಿಕೊಂಡೆ. ಅನ್ನ ಮಾಡಿಕೊಂಡು ನಿನ್ನ ಸಾರಿನ ಪುಡಿಯಲ್ಲಿ ಕಾಲ ಹಾಕುತ್ತಿದ್ದೇನೆ. ಚಳಿ ಅಂದರೆ ಸುಣ್ಣದ ನೀರಿಗೆ ಕೈ ಇಟ್ಟರೆ ಮೊಣಕೈವರೆಗೆ ಮರಗಟ್ಟುತ್ತದೆ.

ಜೂನ್ ಹನ್ನೆರಡಕ್ಕೆ ದೊಡ್ಡವರು ಬಂದು ನಮ್ಮ ಗೋಡೆ ನೋಡುತ್ತಾರೆ. ಸಿಮೆಂಟಿಲ್ಲದೆ, ಸುಣ್ಣ, ಅಳಲೆಕಾಯಿ, ಬೆಲ್ಲದಲ್ಲಿ ಮಾಡಿದ ಗಿಲಾವು ನಿಂತರೆ ಪ್ರತಿ ವರ್ಷ ಈ ಪಾಠ ಇಡುತ್ತಾರಂತೆ. ಬಿದ್ದರೆ ಇದೇ ಕೊನೆ. ನಲವತ್ತೊಂದು ವರ್ಷದಲ್ಲಿ ನನ್ನ ಗೋಡೆ ಯಾವುದು ಬಿದ್ದಿದೆ? ಗಾರೆ ಕಲೆಸುವುದನ್ನು ಎರಡು ದಿನದಲ್ಲಿ ಮುಗಿಸಿ, ಗೋಡೆಗೆ ಬಳಿಯುವ ಕರಣೆ ಕೆಲಸಕ್ಕೆ ಹಚ್ಚುತ್ತೇನೆ.

ನಿನ್ನ ಭುಜಕ್ಕೆ ಎಣ್ಣೆ ಹಚ್ಚಿಕೋ. ಗಾರೆ ಕೆಲಸಕ್ಕೆ ಯಾರು ಕರೆದರೂ ಹೋಗಬೇಡ. ಡಾಕ್ಟರು ಹೇಳಿದ್ದು ನೆನಪಿರಲಿ, ನಾನು ಹೇಳಿದ್ದೂ ನೆನಪಿರಲಿ.

ಮಹದೇವು


ಹಿನಕಲ್
17 ಏಪ್ರಿಲ್ 2025

ಯಜಮಾನರಿಗೆ,

ಕಾಗದ ಬಂತು. ವರ್ಷಿಣಿ ಓದಿ ಹೇಳಲು ಬಂದಳು. ಏಳನೇ ಕ್ಲಾಸು ಓದಿದವಳಿಗೆ ಗಂಡನ ಕಾಗದ ಓದಲು ಬರುತ್ತದೆ ಎಂದು ಹೇಳಿ ನಾನೇ ಓದಿಕೊಂಡೆ. ಫೋನಿಗಿಂತ ಕಾಗದದಲ್ಲಿ ಮೆತ್ತಗಿದ್ದೀರಿ.

ಗ್ಯಾಸ್ ಆರಿಸಿದ್ದೇನೆ. ಮಾವಿನಕಾಯಿ ಹೆಚ್ಚಿ ಉಪ್ಪಿಗೆ ಹಾಕಿದ್ದೇನೆ. ನಿಮ್ಮ ತಮ್ಮ ಸಣ್ಣಯ್ಯ ದಿನಾ ಬಂದು ಹೋಗುತ್ತಾನೆ. ವರ್ಷಿಣಿಗೆ ಪಿಯುಸಿಯಲ್ಲಿ ಒಳ್ಳೆಯ ನಂಬರು ಬಂದಿದೆ.

ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಪೆಟ್ಟಿಗೆಯ ತಳದಲ್ಲಿದೆ, ಹೊದೆಯಲು ಇಟ್ಟ ಹಳೇ ಸೀರೆಯ ಕೆಳಗೆ. ನೀವು ಹುಡುಕಿರುವುದಿಲ್ಲ.

ಗಾರೆ ಕಲೆಸುವುದು ಎರಡು ದಿನದ ಕೆಲಸ ಎಂದು ಬರೆದಿದ್ದೀರಿ. ಸಂತೋಷ.

ಅಂಬುಜಮ್ಮ


ಸ್ಕಾಟ್ಲೆಂಡ್
28 ಏಪ್ರಿಲ್ 2025

ಅಂಬುಜಾ,

ಮಫ್ಲರ್ ಸಿಕ್ಕಿತು.

ಮೊದಲನೇ ಗೋಡೆಗೆ ಗಿಲಾವು ಮಾಡಿಸಿದೆ. ನಾಲ್ಕನೇ ದಿನಕ್ಕೆ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರಿಯಿತು. ಇಲ್ಲಿಯ ಮರಳು ಸರಿ ಇಲ್ಲ. ನೀರೂ ಸರಿ ಇಲ್ಲ. ಬಿಸಿಲು ಅನ್ನುವುದು ಕಿಟಕಿಯಲ್ಲಿ ಬಂದು ಮುಖ ತೋರಿಸಿ ಹೋಗುತ್ತದೆ. ಇಂಥ ಕಡೆ ಯಾವ ಮೇಸ್ತ್ರಿಯ ಕೈಲೂ ಆಗುವುದಿಲ್ಲ.

ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಬೈದೆ. ಕತ್ತೆ ಕಾಯೋಕೂ ನಾಲಾಯಕ್ಕು ಅಂದೆ. ಎಲ್ಲರೂ ನಗುತ್ತಾ ತಲೆಯಾಡಿಸಿದರು. ಇದೇನು ನಾಚಿಕೆಗೆಟ್ಟ ಜನ ಅಂತ ನೋಡಿದರೆ, ಈ ತನ್ಮಯಿ ನಾನು ಬೈದದ್ದನ್ನು ಹೇಳಿಯೇ ಇಲ್ಲ. “ಇನ್ನೊಂದ್ಸಲ ನೋಡೋಣ ಅಂತಿದಾರೆ” ಅಂದಳಂತೆ. ಬಂದ ದಿನದಿಂದಲೂ ಹೀಗೇ ನಡೆಸಿಕೊಂಡು ಬಂದಿದ್ದಾಳೆ. ಎರಡು ವಾರ ಬೈದದ್ದೆಲ್ಲ ನೀರುಪಾಲು.

ಅವರ ತಪ್ಪೂ ಅಷ್ಟಿಲ್ಲ ಬಿಡು. ಹೇಳಿದ ಮಾತು ಮೀರುವುದಿಲ್ಲ. ಗಾರೆ ಗಟ್ಟಿಯಾಯಿತು, ನೀರು ಹಾಕಿ ಅಂದರೆ ತಕ್ಷಣ ಹಾಕುತ್ತಾರೆ. ನಿನ್ನ ಹಾಗೆ ಗೊಣಗುತ್ತಾ ನಿಲ್ಲುವುದಿಲ್ಲ.

ಅಳಲೆಕಾಯಿ ಎಷ್ಟು ದಿನ ನೆನೆಹಾಕುತ್ತಿದ್ದೆ? ಬೆಲ್ಲ ಎಷ್ಟು? ನನಗೆ ಗೊತ್ತಿಲ್ಲ ಅಂತಲ್ಲ. ಇಲ್ಲಿಯ ಹವಾಮಾನಕ್ಕೆ ಹೊಂದಿಸಬೇಕಲ್ಲ, ಅದಕ್ಕೆ ಸುಮ್ಮನೆ ಕೇಳುತ್ತಿದ್ದೇನೆ.

ಮಹದೇವು


ಹಿನಕಲ್
2 ಮೇ 2025

ಯಜಮಾನರಿಗೆ,

ನಿಮಗೆ ಗೊತ್ತಿರುವುದನ್ನು ನಾನೇಕೆ ಬರೆಯಲಿ?

ಇಲ್ಲಿ ಎರಡು ಮಳೆ ಬಂತು. ಉಪ್ಪಿನಕಾಯಿಗೆ ಒಗ್ಗರಣೆ ಹಾಕಿದೆ. ಇನ್ನು ಮೇಲೆ ಕಾಗದವನ್ನು ಸಂಜೆ ಕಳಿಸಿ. ಹಗಲು ನಾನು ಮನೆಯಲ್ಲಿ ಇರುವುದಿಲ್ಲ.

ಅಂಬುಜಮ್ಮ


ಸ್ಕಾಟ್ಲೆಂಡ್
7 ಮೇ 2025

ಅಂಬುಜಾ,

ಮನೆಯಲ್ಲಿ ಇರುವುದಿಲ್ಲ ಅಂದರೆ ಎಲ್ಲಿರುತ್ತೀಯ? ಅದನ್ನು ಬರೆಯುವುದಕ್ಕೆ ನಿನ್ನ ಪೆನ್ನಿನಲ್ಲಿ ಇಂಕು ಇರಲಿಲ್ಲವಾ? ಹಿಂದಿನ ಬೀದಿಯ ನಮ್ಮ ಅಕ್ಕ ಮಾದೇವಮ್ಮನಿಗೆ ಫೋನ್ ಮಾಡಿದೆ. ಏಳು ಗಂಟೆಗೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆ ಬರುತ್ತಾಳೆ, ಸೀರೆಗೆಲ್ಲ ಸುಣ್ಣ ಅಂದಳು. ಭುಜ ಹಿಡಿದುಕೊಂಡು ಮೂರು ತಿಂಗಳು ಒದ್ದಾಡಿದ್ದು ಮರೆತೆಯಾ? ಬಾಂಡ್ಲಿ ಹೊರುವುದಕ್ಕೆ ಹೋಗುತ್ತಿದ್ದೀಯ. ನಾನು ಊರು ಬಿಟ್ಟ ತಕ್ಷಣ ಹೋಗುತ್ತಿದ್ದೀಯ. ನನಗೆ ಸಿಟ್ಟು ಬರಿಸಬೇಕು ಅಂತಲೇ ಹೋಗುತ್ತಿದ್ದೀಯ. ನಾಳೆಯಿಂದ ನಿಲ್ಲಿಸು.

ಎರಡನೇ ಗೋಡೆಯೂ ಹೋಯಿತು. ಈ ಸಲ ಬಿರುಕಲ್ಲ, ಬೆರಳಿಟ್ಟರೆ ಹಪ್ಪಳದ ಹಾಗೆ ಏಳುತ್ತದೆ. ಶಾಲೆಯ ಹೆಡ್ಡು ಬಂದು ನೋಡಿ, ಉದುರಿದ ಒಂದು ಚೂರನ್ನು ಜೇಬಿಗೆ ಹಾಕಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಅರವತ್ತೆರಡರ ಆ ಮುದುಕ ಮಾತ್ರ ದಿನಾ ಎಲ್ಲರಿಗಿಂತ ಮುಂಚೆ ಬಂದು ಉದುರಿದ್ದನ್ನು ಗುಡಿಸಿಟ್ಟಿರುತ್ತಾನೆ. ಅದನ್ನು ನೋಡಿದರೆ ಮುಖ ಎತ್ತುವುದಕ್ಕೆ ಆಗುವುದಿಲ್ಲ.

ಇನ್ನು ಐದೇ ವಾರ. ಹದ ಕೇಳಿದರೆ ಉಪ್ಪಿನಕಾಯಿ ವಿಷಯ ಬರೆಯುತ್ತೀಯ. ನಿನಗೇನಾಗಿದೆ?

ಮಹದೇವು


ಹಿನಕಲ್
11 ಮೇ 2025, ಭಾನುವಾರ

ಯಜಮಾನರಿಗೆ,

ಮಾದೇವಮ್ಮ ಅಕ್ಕ ಹೇಳಿದ್ದು ನಿಜ. ನೀವು ಅಂದುಕೊಂಡದ್ದು ಸುಳ್ಳು.

ಸಿದ್ಧಾರ್ಥನಗರದ ಏಕಾಂತಯ್ಯನವರು ನಿಮ್ಮನ್ನು ಹುಡುಕಿಕೊಂಡು ಬಂದಿದ್ದರು. ನಜರ್‌ಬಾದಿನಲ್ಲಿ ಅವರ ತಾತ ಕಟ್ಟಿಸಿದ ಮನೆ ಇದೆ, ಮರದ ತೊಲೆಯ ಹಳೇ ತಾರಸಿ, ಸೋರುತ್ತದೆ. ಮಳೆಗಾಲ ಹಿಡಿಯುವ ಮೊದಲು ಆಗಬೇಕು ಎಂದರು. ನೀವು ಊರಲ್ಲಿಲ್ಲ ಎಂದೆ. ಸಣ್ಣಯ್ಯ ಇಲ್ಲೇ ಇದ್ದ. ಅವನು ನನ್ನ ಕಡೆ ತಿರುಗಿ, “ಅತ್ಗೆ, ಕರಣೆ ನಾನು ಹಿಡೀತೀನಿ. ಗಾರೆ ನೀವು ಮಾಡ್ಕೊಡಿ. ನೀವ್ ಬರಲ್ಲ ಅಂದ್ರೆ ನಂಗೂ ಬ್ಯಾಡ ಈ ಕೆಲ್ಸ” ಎಂದ. ಒಪ್ಪಿಕೊಂಡೆ. ಬಾಂಡ್ಲಿ ಹೊರಲು ಬೇರೆ ಇಬ್ಬರು ಹೆಂಗಸರಿದ್ದಾರೆ. ನಾನು ಸ್ಟೂಲಿನ ಮೇಲೆ ಕೂತು ಹೇಳುತ್ತೇನೆ, ಅವರು ಕುಟ್ಟುತ್ತಾರೆ. ಭುಜ ಚೆನ್ನಾಗಿದೆ. ನಿಮಗೆ ತಿಳಿಸಲಿಲ್ಲ, ತಿಳಿಸಿದ್ದರೆ ಬೇಡ ಎನ್ನುತ್ತಿದ್ದಿರಿ. ನಿಮ್ಮ ಮಾತು ಮೀರಿ ಹೋದೆ ಅನ್ನುವುದಕ್ಕಿಂತ, ಕೇಳದೆ ಹೋದೆ ಅನ್ನುವುದು ಹಗುರ ಎನ್ನಿಸಿತು.

ಮೂರನೇ ದಿನ ಏಕಾಂತಯ್ಯನವರು ತಾರಸಿ ಹತ್ತಿ ಬಂದು, ಇಲ್ಲಿ ಮೇಸ್ತ್ರಿ ಯಾರು ಎಂದು ಕೇಳಿದರು. ಸಣ್ಣಯ್ಯ ಕರಣೆಯನ್ನು ನನ್ನ ಕಡೆ ತೋರಿಸಿದ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತಲೆಗೆ ಕಟ್ಟಿದ್ದ ಟವಲನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡೆ.

ಅವತ್ತು ಮನೆಗೆ ಬಂದವಳಿಗೆ ಜನವರಿಯ ಮಾತು ನೆನಪಾಯಿತು. ತನ್ಮಯಿ ಕ್ಯಾಮೆರಾ ಇಟ್ಟುಕೊಂಡು ನಿಮ್ಮನ್ನು ಕೇಳಿದಳು, ಗಾರೆ ಮಾಡುವವರು ಯಾರು ಎಂದು. ನೀವು ಅಂದದ್ದು ಇಷ್ಟು: “ಅದು ಹೆಂಗಸ್ರು ಕಲ್ಸೋದು ಬುಡಮ್ಮ. ಅದ್ರಲ್ಲೇನದೆ ಬರ್ಕೊಳಕ್ಕೆ.” ನಾನು ಕಾಫಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ನೀವು ನೋಡಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣ ಎಂದರೆ, ನೋಡಿದಿರಿ. ಲೋಟ ತೆಗೆದುಕೊಂಡು ಸಕ್ಕರೆ ಕಮ್ಮಿ ಎಂದಿರಿ.

ನೀವು ಬೈಯುವುದು ನನಗೆ ನೋವಲ್ಲ. ಮದುವೆಯಾದ ವಾರದಿಂದ ಕೇಳುತ್ತಿದ್ದೇನೆ, ಅದು ಮಳೆ ಬಂದು ನಿಂತ ಹಾಗೆ ನಿಲ್ಲುತ್ತದೆ. ಇದು ಬೈಗುಳವಾಗಿರಲಿಲ್ಲ. ನಗುತ್ತಾ ಹೇಳಿದ ಮಾತು. ಅದಕ್ಕೇ ಇನ್ನೂ ಹೋಗಿಲ್ಲ.

ಹದ ಕೇಳುತ್ತಿದ್ದೀರಿ, ಹೇಳುತ್ತೇನೆ. ಮೊದಲು ಆ ಒಂಬತ್ತು ಜನಕ್ಕೆ ಹೇಳಿ, ನಲವತ್ತೊಂದು ವರ್ಷ ನಿಮ್ಮ ಗೋಡೆಗಳಿಗೆ ಗಾರೆ ಮಾಡಿದವರು ಯಾರು ಎಂದು. ತನ್ಮಯಿಗೂ ಬರೆದುಕೊಳ್ಳಲು ಹೇಳಿ. ಹೇಳಿದ ಮೇಲೆ ನನಗೆ ಬರೆಯಿರಿ. ಹೇಳುವವರೆಗೆ ಬರೆಯಬೇಡಿ.

ಅಂಬುಜಮ್ಮ


ಸ್ಕಾಟ್ಲೆಂಡ್
20 ಮೇ 2025, ಮಂಗಳವಾರ

ಅಂಬುಜಾ,

ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು. ಎರಡನೆಯದರಲ್ಲಿ ಟಿಕೆಟ್ ಮಾಡಿಸಿ ವಾಪಸ್ ಬರುತ್ತೇನೆ ಅಂತ ಇತ್ತು. ಮೂರನೆಯದು ನನಗೇ ಅರ್ಥವಾಗಲಿಲ್ಲ.

ಯಾರಿಗೂ ಹೇಳುವ ಅಗತ್ಯವೇ ಬೀಳದ ಹಾಗೆ ಮಾಡೋಣ ಅಂತ ಶನಿವಾರ ಎಲ್ಲರೂ ಹೋದ ಮೇಲೆ ನಾನೊಬ್ಬನೇ ಕೂತು ಗಾರೆ ಮಾಡಿದೆ. ನಲವತ್ತೊಂದು ವರ್ಷ ಪಕ್ಕದಲ್ಲಿ ನಿಂತಿದ್ದೇನಲ್ಲ, ನೆನಪಿಗೆ ಬರುತ್ತದೆ ಅಂದುಕೊಂಡೆ. ನಿನ್ನ ಕೈ ನೆನಪಿಗೆ ಬಂತು, ಬಳೆ ಮೇಲಕ್ಕೆ ಸರಿಸಿಕೊಳ್ಳುವುದು ನೆನಪಿಗೆ ಬಂತು. ಎಷ್ಟು ಹಾಕುತ್ತಿದ್ದೆ, ಯಾವಾಗ ನಿಲ್ಲಿಸುತ್ತಿದ್ದೆ, ಒಂದೂ ಬರಲಿಲ್ಲ. ನಾನು ನೋಡೇ ಇಲ್ಲ ಕಣೆ. ಬಾಂಡ್ಲಿ ನನ್ನ ಕಾಲ ಹತ್ತಿರ ಬಂದ ಮೇಲೆ ಮಾತ್ರ ನೋಡಿದ್ದೇನೆ.

ನೆನ್ನೆ ಬೆಳಿಗ್ಗೆ ಎಲ್ಲರನ್ನೂ ಕೂರಿಸಿದೆ. ನಾನು ನಿಂತೆ. “ನಂಗೆ ಗಾರೆ ಮಾಡಕ್ಕೆ ಬರಲ್ಲ” ಅಂದೆ. ತನ್ಮಯಿ ಇಂಗ್ಲಿಷಿಗೆ ತಿರುಗಿಸದೆ ನನ್ನ ಮುಖ ನೋಡಿದಳು. ನಾನು ಸಿಟ್ಟಿನಲ್ಲಿ ಏನೋ ಅಂದಿದ್ದೇನೆ, ಅದನ್ನು ಇನ್ನೊಂದು ಸಲ ನೋಡೋಣ ಅಂತ ತಿರುಗಿಸಿ ಹೇಳಬೇಕು ಅಂದುಕೊಂಡಿರಬೇಕು.

“ಹೇಳಮ್ಮ. ಇದೊಂದ್ನ ಇದ್ದಂಗೇ ಹೇಳು” ಅಂದೆ.

ಹೇಳಿದಳು. ಆಮೇಲೆ ನಿನ್ನ ಹೆಸರು ಹೇಳಿದೆ. ನಾನು ಬರೀ ಬಳಿಯುವವನು, ಮಾಡುವವಳು ಅವಳು, ಅವಳು ಮಾಡಿದ್ದು ಚೆನ್ನಾಗಿದ್ದರಿಂದ ನಾನು ಬಳಿದದ್ದು ನಿಂತಿದೆ, ಇಷ್ಟು ದಿನ ನನಗೇ ಇದು ತಿಳಿದಿರಲಿಲ್ಲ ಅಂದೆ. ಹೇಳಿ ಮಫ್ಲರನ್ನು ಮುಖದವರೆಗೆ ಎಳೆದುಕೊಂಡೆ. ಚಳಿಗೆ ಅಂತ ಅವರು ಅಂದುಕೊಂಡಿರಲಿ.

ಆ ಮುದುಕ ಕೈ ಎತ್ತಿ, ಹಾಗಾದರೆ ಅವರು ಯಾಕೆ ಬಂದಿಲ್ಲ ಅಂತ ಕೇಳಿದ. ತನ್ಮಯಿ ಅದನ್ನು ನನಗೆ ಕನ್ನಡದಲ್ಲಿ ಹೇಳುವ ಹೊತ್ತಿಗೆ ಅವಳ ಮುಖ ಕೆಂಪಾಗಿತ್ತು. “ನಾನೂ ಅವತ್ತು ಕ್ಯಾಮೆರಾನ ಅಜ್ಜಿ ಕಡೆ ತಿರುಗಿಸ್ಲಿಲ್ಲ ತಾತ. ನೀವ್ ಬೇಡ ಅಂದ್ರಿ, ಸುಮ್ನಾಗ್ಬುಟ್ಟೆ” ಅಂದಳು. ಅದನ್ನು ಇಂಗ್ಲಿಷಿನಲ್ಲೂ ಹೇಳಿದಳು. ಬರೆದುಕೊಂಡಿದ್ದಾಳೆ. ನಿನ್ನ ಪೂರ್ತಿ ಹೆಸರು, ಊರು ಎಲ್ಲಾ.

ಹೇಳಿದ್ದಾಯಿತು. ಆ ಕಾಫಿಗೆ ಸಕ್ಕರೆ ಸರಿಯಾಗೇ ಇತ್ತು.

ಈಗ ನೀನು ಹೇಳು. ಇಪ್ಪತ್ತಮೂರು ದಿನ ಉಳಿದಿದೆ.

ಮಹದೇವು


ಹಿನಕಲ್
22 ಮೇ 2025

ಯಜಮಾನರಿಗೆ,

ನಿಮ್ಮ ಕಾಗದವನ್ನು ವರ್ಷಿಣಿಗೂ ಓದಲು ಕೊಟ್ಟೆ. ಸಣ್ಣಯ್ಯನಿಗೆ ಕೊಡಲಿಲ್ಲ. ಅಣ್ಣನ ಮೇಲೆ ಅವನಿಗಿರುವ ಹೆದರಿಕೆ ಹಾಗೇ ಇರಲಿ.

ಬರೆದುಕೊಳ್ಳಿ. ಅಳಲೆಕಾಯಿಯನ್ನು ಪುಡಿ ಮಾಡಬೇಡಿ, ಜಜ್ಜಿ. ಬೆಲ್ಲ ಅದರ ಅರ್ಧಕ್ಕಿಂತ ಕಮ್ಮಿ, ಎಷ್ಟು ಕಪ್ಪಗಿದ್ದರೆ ಅಷ್ಟು ಒಳ್ಳೆಯದು. ಎರಡನ್ನೂ ನೀರಲ್ಲಿ ನೆನೆಹಾಕಲು ಪ್ಲಾಸ್ಟಿಕ್ ಬಕೆಟ್ ಬೇಡ, ಮಣ್ಣಿನದು ಸಿಕ್ಕರೆ ಒಳ್ಳೆಯದು. ನಮ್ಮೂರ ಬಿಸಿಲಿಗೆ ಐದು ದಿನಕ್ಕೆ ಹುಳಿ ಬರುತ್ತದೆ. ಚಳಿಗಾಲದಲ್ಲಿ ಅದನ್ನು ನಾನು ಬಚ್ಚಲ ಒಲೆಯ ಪಕ್ಕ ಇಡುತ್ತಿದ್ದೆ. ವಾಸನೆ ಅಂತ ನೀವು ದಿನಾ ರೇಗುತ್ತಿದ್ದದ್ದು ಅದೇ ಮಡಕೆ. ಅಲ್ಲಿಯೂ ಬೆಚ್ಚಗಿರುವ ಕಡೆ ಇಡಿ. ನೊರೆ ಎದ್ದು, ಅದು ಇಳಿದು, ಮಾರನೇ ದಿನ ಸೋಸಿ. ಬೆರಳಲ್ಲಿ ಉಜ್ಜಿದರೆ ಜಿಗುಟು ಇರಬೇಕು.

ಆ ನೀರಲ್ಲಿ ಸುಣ್ಣ, ಮರಳು ಕಲೆಸಿ ಕುಟ್ಟುವಾಗ ಮೊದಲು ಚಪಚಪ ಅನ್ನುತ್ತದೆ. ಆ ಸದ್ದು ಹೋಗಿ ದಪ್ ಅನ್ನುವವರೆಗೆ ಬಿಡಬಾರದು. ಆಗ ಅದು ಕರಣೆಗೆ ಮೆತ್ತಿಕೊಳ್ಳದೆ ಜಾರುತ್ತದೆ.

ಇನ್ನೊಂದು ಇದೆ. ಇದನ್ನು ಬರೆಯಲೋ ಬೇಡವೋ ಎಂದು ಎರಡು ಲೋಟ ಟೀ ಕುಡಿದೆ. ಅಲ್ಲಿಯವರು ನೀರು ಹಾಕಿ ಎಂದರೆ ತಕ್ಷಣ ಹಾಕುತ್ತಾರೆ ಎಂದು ಬರೆದಿದ್ದಿರಿ. ನಿಮ್ಮ ಗೋಡೆ ಬೀಳುತ್ತಿರುವುದೇ ಅದಕ್ಕೆ. ಇಲ್ಲೂ ನೀವು ದಿನಕ್ಕೆ ಇಪ್ಪತ್ತು ಸಲ ‘ನೀರಾಕೇ’ ಎಂದು ಮೇಲಿನಿಂದ ಕೂಗುತ್ತಿದ್ದಿರಿ. ನಾನು ಹೂಂ ಎನ್ನುತ್ತಿದ್ದೆ, ಚೊಂಬು ಬಗ್ಗಿಸುತ್ತಿದ್ದೆ. ಚೊಂಬಿನಲ್ಲಿ ಏನೂ ಇರುತ್ತಿರಲಿಲ್ಲ. ಎರಡು ಸಲ ಮಗುಚಿ ಕೊಟ್ಟರೆ, “ಆಂ, ಈಗ ಸರಿಯಾಯ್ತು ನೋಡು” ಅನ್ನುತ್ತಿದ್ದಿರಿ. ಮದುವೆಯಾದ ಮೊದಲ ವರ್ಷ ಒಂದು ಸಲ ನಿಜವಾಗಿ ಹಾಕಿದ್ದೆ. ಆ ಕಾಂಪೌಂಡು ಆರು ತಿಂಗಳಿಗೆ ಉದುರಿತು. ಆಮೇಲೆ ಹಾಕಲಿಲ್ಲ. ನಿಮಗೆ ಹೇಳಿದ್ದರೆ ಜಗಳ, ಹಾಕಿದ್ದರೆ ಗೋಡೆ ಹೋಗುತ್ತಿತ್ತು. ನನಗೆ ತೋಚಿದ್ದು ಇದು.

ಅವರು ವಿಧೇಯರು, ಪಾಪ. ಅವರನ್ನು ಬೈಯಬೇಡಿ.

ನಜರ್‌ಬಾದಿನ ತಾರಸಿ ಮುಗಿಯಿತು. ನೆನ್ನೆ ರಾತ್ರಿ ಜೋರು ಮಳೆ, ಒಂದು ಹನಿ ಇಳಿದಿಲ್ಲ. ಏಕಾಂತಯ್ಯನವರ ನೆಂಟರ ಎರಡು ಮನೆಗಳಿವೆ, ಅಕ್ಟೋಬರಿಗೆ ಒಪ್ಪಿಕೊಂಡಿದ್ದೇನೆ. ಇದನ್ನೂ ಕೇಳದೆ ಒಪ್ಪಿಕೊಂಡೆ.

ಅಂಬುಜಮ್ಮ


ಸ್ಕಾಟ್ಲೆಂಡ್
14 ಜೂನ್ 2025, ಶನಿವಾರ

ಅಂಬುಜಾ,

ಖಾಲಿ ಚೊಂಬು. ನಲವತ್ತು ವರ್ಷ.

ಓದಿದ ದಿನ ಊಟ ಮಾಡಲಿಲ್ಲ. ಮಾರನೇ ದಿನ ನಿನ್ನ ಕಾಗದವನ್ನು ತನ್ಮಯಿ ಕೈಲಿ ಎಲ್ಲರಿಗೂ ಓದಿಸಿದೆ. ಚೊಂಬಿನ ವಿಷಯಕ್ಕೆ ಬಂದಾಗ ನಗು ತಡೆಯಲಾಗದೆ ಅವಳಿಗೇ ಮಾತು ಮುಂದಕ್ಕೆ ಹೋಗಲಿಲ್ಲ. ಒಂಬತ್ತು ಜನರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಜಾಸ್ತಿ ಅಲ್ಲ.

ಬಾಯ್ಲರ್ ರೂಮಿನಲ್ಲಿ ಎರಡು ಮಣ್ಣಿನ ಕುಂಡ ಇಟ್ಟು ನೆನೆಹಾಕಿದೆವು. ಏಳನೇ ದಿನ ನೊರೆ ಇಳಿಯಿತು. ಇಡೀ ಶಾಲೆ ನಾರುತ್ತಿತ್ತು, ಹೆಡ್ಡು ಮೂಗು ಮುಚ್ಚಿಕೊಂಡು ಬಂದು ಮೂಗು ಮುಚ್ಚಿಕೊಂಡೇ ಹೋದಳು. ಕುಟ್ಟುವಾಗ ಕಣ್ಣು ಮುಚ್ಚಿ ಸದ್ದು ಕೇಳಿಸಿಕೊಳ್ಳಿ ಅಂದೆ. ದಪ್ ಅಂದದ್ದನ್ನು ಮೊದಲು ಹಿಡಿದದ್ದು ಆ ಮುದುಕ, ನಾನಲ್ಲ. ಗೋಡೆಗೆ ಹಚ್ಚುವಾಗ ನೀರು ಅನ್ನುವ ಮಾತು ಎಷ್ಟು ಸಲ ನಾಲಗೆಗೆ ಬಂತೋ. ನುಂಗಿಕೊಂಡೆ. ಒಂದು ಸಲ ಹೊರಗೆ ಬಂದೇಬಿಟ್ಟಿತು. ಮುದುಕ ಗಂಭೀರವಾಗಿ “ಯೆಸ್ ಮಹದೇವು” ಅಂತ ಖಾಲಿ ಜಗ್ಗು ತಂದು ಬಗ್ಗಿಸಿದ. ನಿನ್ನ ಶಿಷ್ಯ ಆಗಿದ್ದಾನೆ.

ಗುರುವಾರ ದೊಡ್ಡವರು ಬಂದರು. ಬೆರಳ ಗೆಣ್ಣಿನಲ್ಲಿ ಗೋಡೆ ಬಡಿದು ನೋಡಿದರು, ಕಿವಿ ಇಟ್ಟರು, ಬ್ಯಾಟರಿ ಬಿಟ್ಟು ನೋಡಿದರು. ಮೂಲೆಯಲ್ಲಿ ಕೂದಲೆಳೆಯಷ್ಟು ಒಂದು ಬಿರುಕಿದೆ. ಅದು ನನ್ನ ಕರಣೆಯ ತಪ್ಪು, ಗಾರೆಯದಲ್ಲ ಅಂತ ನಾನೇ ಹೇಳಿದೆ. ಗೋಡೆ ನಿಂತಿದೆ. ಪಾಠ ಮುಂದುವರಿಯುತ್ತದೆ.

ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಇನ್ನೊಂದು ತರಗತಿ ಇಡುತ್ತಾರಂತೆ. ಗಾರೆ ಕಲಿಸುವುದಕ್ಕೆ ಒಬ್ಬರು, ಕರಣೆ ಕಲಿಸುವುದಕ್ಕೆ ಒಬ್ಬರು ಬೇಕಂತೆ. ಗಾರೆಗೆ ನಿನ್ನನ್ನೇ ಕೇಳಿದ್ದಾರೆ. ಪಾಸ್‌ಪೋರ್ಟು, ವೀಸಾ ಎಲ್ಲ ತನ್ಮಯಿ ನೋಡಿಕೊಳ್ಳುತ್ತಾಳೆ. ಅವಳು ಬರುತ್ತಾಳೆ ಅಂತ ಬರೆದುಬಿಡಿ ಅನ್ನುವುದಕ್ಕೆ ಬಾಯಿ ತೆರೆದೆ. ತೆರೆದವನು ಮುಚ್ಚಿಕೊಂಡೆ. ಕೇಳಿ ಹೇಳುತ್ತೇನೆ ಅಂದೆ.

ಅಕ್ಟೋಬರಿನ ತಾರಸಿ ಒಪ್ಪಿಕೊಂಡಿದ್ದೀಯ. ಮಾತು ಕೊಟ್ಟಿದ್ದನ್ನು ಬಿಟ್ಟು ಬಾ ಅಂತ ನಾನು ಹೇಳಲಾರೆ. ಇಲ್ಲಿ ಚಳಿ ಇದೆ, ಮಾತಾಡುವುದಕ್ಕೆ ಜನ ಇಲ್ಲ, ನಾನಿದ್ದೇನೆ, ನಾನು ಎಂಥವನು ಅಂತ ನಿನಗೆ ಗೊತ್ತು. ಅಲ್ಲಿ ನೀನು ಮೇಸ್ತ್ರಿ. ಇಲ್ಲೂ ಮೇಸ್ತ್ರಿಯೇ. ಯಾವುದು ಬೇಕೋ ನೀನೇ ನೋಡು. ನೀನು ಬರದಿದ್ದರೆ ನಾನೂ ಬರುವುದಿಲ್ಲ ಅಂತ ಅವರಿಗೆ ಹೇಳಿದ್ದೇನೆ. ನಿನ್ನನ್ನು ಕಟ್ಟಿಹಾಕುವುದಕ್ಕಲ್ಲ. ನನ್ನೊಬ್ಬನ ಕೈಲಿ ಆಗುವುದಿಲ್ಲ, ಅಷ್ಟೆ. ಊರಲ್ಲೇ ಇರುತ್ತೀಯ ಅಂದರೆ, ಅಕ್ಟೋಬರಿಗೆ ಕರಣೆ ಹಿಡಿಯುವುದಕ್ಕೆ ನಾನು ಬೇಕೋ ಸಣ್ಣಯ್ಯನೇ ಸಾಕೋ, ಅದನ್ನೂ ಬರಿ.

ನಾನು ಮನೆ ಸೇರುವುದು ಜುಲೈ ಐದಕ್ಕೆ, ಅಲ್ಲಿಯವರೆಗೆ ಇವರು ಕಾಯುವುದಿಲ್ಲ. ಶುಕ್ರವಾರ ಇಪ್ಪತ್ತನೇ ತಾರೀಖು ಹೆಸರು ಕೊಡಬೇಕು. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಹತ್ತೊಂಬತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಮಹದೇವು